ಸಿಗರೇಟಿನ ತೂತಿನಲ್ಲಿ ಲ್ಯಾಪ್‌ಟಾಪ್

ಕಾರಿನ ಕರೆಂಟು 12 ವೋಲ್ಟ್ ಎಂದು ಷೋರೂಮಿನವರು ಹೇಳುತ್ತಾರೆ, ಬ್ಯಾಟರಿಯ ಮೇಲೆ ಬರೆದಿರುತ್ತದೆ, ಐಟಿಐ ಹುಡುಗರ ನೋಟ್ಸಿನಲ್ಲೂ ಹಾಗೇ ಇದೆ. ಮೂರು ಕಡೆಯಿಂದ ಒಂದೇ ಮಾತು ಬಂದ ಮೇಲೆ ಅದನ್ನು ಪರೀಕ್ಷೆ ಮಾಡುವುದು ನಮ್ಮಲ್ಲಿ ಅಧಿಕಪ್ರಸಂಗ. ಮೀಟರು ಹಚ್ಚಿ ನೋಡಿದವನಿಗೆ ಮಾತ್ರ ಗೊತ್ತು, ಆ ತಂತಿಯಲ್ಲಿ 12 ಎಂಬ ಸಂಖ್ಯೆ ದರ್ಶನ ಕೊಡುವುದೇ ಅಪರೂಪ. ಗಾಡಿ ನಿಂತು ತಣ್ಣಗಾಗಿದ್ದು ಬ್ಯಾಟರಿಯೂ ಗಟ್ಟಿಮುಟ್ಟಾಗಿದ್ದರೆ 12.6. ಎಂಜಿನ್ ಓಡುತ್ತಿದ್ದರೆ 13.8ರಿಂದ 14.4. ಕೀ ತಿರುಗಿಸಿದಾಗ ಸೆಲ್ಫ್ ಮೋಟಾರು ನೂರಕ್ಕೂ ಮೀರಿ ಆಂಪಿಯರ್ ಎಳೆಯುತ್ತದಲ್ಲ, ಆಗ 9, 8, ಮುದಿ ಬ್ಯಾಟರಿಯಾದರೆ 6. ಮೈಲೇಜಿನ ಚಿಂತೆ ಹತ್ತಿದ ಈಚಿನ ಗಾಡಿಗಳಲ್ಲಂತೂ ಒಳಗಿನ ಕಂಪ್ಯೂಟರೇ ಆಲ್ಟರ್ನೇಟರನ್ನು ಬೇಕೆಂದಾಗ ಕುಣಿಸಿ, ಬೇಡವೆಂದಾಗ ಕೂರಿಸುತ್ತದೆ. ಹಾಗಾಗಿ ಕಾರಿನ 12 ವೋಲ್ಟನ್ನು ಬಜೆಟ್ ಭಾಷಣದ ಅಂಕಿಯಂತೆ ಗೌರವದಿಂದ ಕೇಳಿ ಸುಮ್ಮನಿರಬೇಕು. ಲೆಕ್ಕಕ್ಕೆ ಇಟ್ಟುಕೊಳ್ಳಬಾರದು.

ಈ ಏರಿಳಿತ ಬಲ್ಬಿಗೆ ಗೊತ್ತಾಗುವುದಿಲ್ಲ. ಹಾರ್ನಿಗೆ ಮೊದಲೇ ಮಾನಮರ್ಯಾದೆ ಇಲ್ಲ. ಕಾರಿನ ವೈರಿಂಗು ಹುಟ್ಟಿದ್ದೇ ಇಂಥ ದಪ್ಪ ಚರ್ಮದವರ ಸಲುವಾಗಿ. ಅಂಥ ಮನೆಗೆ ನಾವು 5 ವೋಲ್ಟಿನ ಮೇಲೆ ಕಾಲು ವೋಲ್ಟ್ ಹೆಚ್ಚಾದರೂ ಮುಖ ಸಿಂಡರಿಸುವ ಫೋನು, 19 ವೋಲ್ಟ್ ಕುಡಿಯುವ ಲ್ಯಾಪ್‌ಟಾಪು, ಅಜ್ಜನ ನೆಬ್ಯುಲೈಸರು, ಮುಂದಿನ ಗಾಜಿಗೆ ಅಂಟಿಕೊಂಡು ಊರಿನ ತಪ್ಪನ್ನೆಲ್ಲ ದಾಖಲಿಸುವ ಡ್ಯಾಶ್‌ಕ್ಯಾಮು, ಎಲ್ಲವನ್ನೂ ತಂದು ತಗಲಿಸಿದ್ದೇವೆ. ತಗಲಿಸಿದ್ದು ತಪ್ಪಲ್ಲ. ನಡುವೆ ಏನಿಟ್ಟಿದ್ದೇವೆ ನೋಡಿ. 15 ಲಕ್ಷದ ಕಾರು ಒಂದು ಕಡೆ, ಲಕ್ಷದ ಫೋನು ಇನ್ನೊಂದು ಕಡೆ, ಎರಡೂ ಮನೆಯವರನ್ನು ಒಪ್ಪಿಸಲು ಬಂದ ದಲ್ಲಾಳಿಯಂತೆ ಸಿಗ್ನಲ್ಲಿನಲ್ಲಿ ಕೊಂಡ 150 ರೂಪಾಯಿಯ ಚಾರ್ಜರು. ಅದನ್ನು ಮಾರಿದ ಹುಡುಗ ಒಂದು ವರ್ಷ ಗ್ಯಾರಂಟಿ ಎಂದಿದ್ದ. ದೀಪ ಹಸಿರಾದ ಕೂಡಲೇ ಆ ವರ್ಷ ಮುಗಿಯಿತು.

ಚಾರ್ಜರನ್ನು ಚುಚ್ಚುವ ತೂತಿನ ಕುಲಗೋತ್ರವನ್ನೂ ಸ್ವಲ್ಪ ವಿಚಾರಿಸಬೇಕು. ಅದು ಕರೆಂಟು ಹಂಚಲು ಹುಟ್ಟಿದ್ದಲ್ಲ. ಆಶ್‌ಟ್ರೇಯ ಪಕ್ಕ ಕೂತು ಸಿಗರೇಟಿಗೆ ಕೆಂಡ ಕೊಡುವುದು ಅದರ ಕಸುಬು. ಲೈಟರನ್ನು ಒತ್ತಿದರೆ ಒಳಗಿನ ಸುರುಳಿ ಕೆಂಪಗಾಗಬೇಕು, ಆದ ಮೇಲೆ ಟಕ್ಕೆಂದು ಹೊರಗೆ ಚಿಮ್ಮಬೇಕು. ಚಿಮ್ಮುವಷ್ಟು ಸಡಿಲವಾಗಿರುವುದು ಲೈಟರಿಗೆ ಗುಣ, ಚಾರ್ಜರಿಗೆ ಶಾಪ. ಹಂಪು ಸಿಕ್ಕಾಗ ಒಂದು ಕೂದಲೆಳೆ ಹೊರಗೆ ಸರಿದು, ಗುಂಡಿ ಸಿಕ್ಕಾಗ ಒಳಗೆ ಕೂತು, ನಡುವೆ ಕಿಡಿ ಹಾರಿಸಿಕೊಂಡು ಅದು ಪ್ರಯಾಣ ಮಾಡುತ್ತದೆ. ಸೇದುವವರು ಕಡಿಮೆಯಾದರು, ಆಶ್‌ಟ್ರೇ ಹೋಯಿತು, ಲೈಟರು ಹೋಯಿತು, ತೂತು ಮಾತ್ರ ಕುರ್ಚಿ ಬಿಡಲಿಲ್ಲ. ಅಮೆರಿಕದ ಎಸ್‌ಎಇ ಸಂಸ್ಥೆಯ ಜೆ563 ಎಂಬ ಮಾನಕ ಅದಕ್ಕೆ ಅಳತೆ ಗೊತ್ತು ಮಾಡಿತು. ಕಾರಿನವರು ಒಂದು ಪ್ಲಾಸ್ಟಿಕ್ ಮುಚ್ಚಳ ಹಾಕಿ, ಅದರ ಮೇಲೆ ‘12 ವೋಲ್ಟ್ 120 ವ್ಯಾಟ್’ ಎಂದು ಅಚ್ಚೊತ್ತಿ ಪವರ್ ಔಟ್‌ಲೆಟ್ ಎಂದು ಬಡ್ತಿ ಕೊಟ್ಟರು. ಹುದ್ದೆಯ ಹೆಸರು ಬದಲಾಯಿತು, ಸಡಿಲ ಹಾಗೇ ಇದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ರಾಶಿ ಹಾಕಿ ಮಾರುವ ಅಗ್ಗದ ಚಾರ್ಜರೊಂದನ್ನು ಬಿಚ್ಚಿ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ತುದಿಯಲ್ಲಿ ಫ್ಯೂಸು ಇರಬೇಕಾದ ಜಾಗದಲ್ಲಿ ಬರೀ ಸ್ಪ್ರಿಂಗು. ಒಂದು ರೂಪಾಯಿ ನಾಣ್ಯದಷ್ಟಗಲದ ಬೋರ್ಡು. ಅದರ ಮೇಲೆ ಎಂಟು ಕಾಲಿನ ಒಂದು ಚಿಪ್ಪು, ಒಂದು ಪುಟ್ಟ ಸುರುಳಿ, ಎರಡು ಕೆಪಾಸಿಟರು, ಮತ್ತು ಇವೆಲ್ಲಕ್ಕಿಂತ ಮುಖ್ಯವಾದ ನೀಲಿ ದೀಪ. ಚಿಪ್ಪಿನ ಮೇಲೆ ಬಹಳ ಸಲ 34063 ಎಂಬ ನಂಬರು ಇರುತ್ತದೆ. ಹಳೆಯ, ಪಾಪದ, ನಂಬಿಕಸ್ಥ ಚಿಪ್ಪು. ಅದರ ತಾಕತ್ತು ಒಳಗಿನ ಸ್ವಿಚ್ಚಿನಲ್ಲಿ ಹೆಚ್ಚೆಂದರೆ 1.5 ಆಂಪಿಯರ್. ಹೊರಗಿನ ಪ್ಲಾಸ್ಟಿಕ್ಕಿನ ಮೇಲೆ 3.1 ಆಂಪಿಯರ್ ಎಂದು ಬರೆದಿರುತ್ತದೆ. ಉಳಿದ 1.6 ಆಂಪಿಯರ್ ಎಲ್ಲಿಂದ ಬರಬೇಕು ಎಂದು ಅಂಗಡಿಯವನನ್ನು ಕೇಳಿದರೆ, ‘ಎರಡು ತೂತು ಐತಲ್ಲ ಸಾರ್’ ಎನ್ನುತ್ತಾನೆ. ಇಷ್ಟು ಸರಳವಾದ ವಿದ್ಯುತ್‌ಶಾಸ್ತ್ರ ನಮ್ಮ ಇಂಧನ ಇಲಾಖೆಗೂ ಹೊಳೆದಿಲ್ಲ.

ಆ ಚಿಪ್ಪಿನ ಕೆಲಸ 14 ವೋಲ್ಟನ್ನು ಸೆಕೆಂಡಿಗೆ ಸಾವಿರಾರು ಬಾರಿ ಕತ್ತರಿಸಿ 5ಕ್ಕೆ ಇಳಿಸುವುದು. ಒಳಗಿನ ಸ್ವಿಚ್ಚು ಬಿಸಿಯಾಗಿ ಸುಟ್ಟು ಶಾರ್ಟ್ ಆಯಿತೆನ್ನಿ, ಕತ್ತರಿಸುವವರೇ ಇಲ್ಲ. ಬ್ಯಾಟರಿಯ 14 ವೋಲ್ಟೂ ಸೀದಾ ಫೋನಿನ ಬಾಯಿಗೆ. ನೀಲಿ ದೀಪ ಆಗಲೂ ಉರಿಯುತ್ತಿರುತ್ತದೆ, ಮೊದಲಿಗಿಂತ ಕಾಂತಿಯಿಂದ.

ಇದನ್ನು ತಡೆಯುವ ಸಾಮಾನು ಏನೂ ದೇವಲೋಕದ್ದಲ್ಲ. ಒಂದು ಫ್ಯೂಸು, ಹೆಚ್ಚಿಗೆ ವೋಲ್ಟೇಜು ಬಂದರೆ ತಾನು ನುಂಗಿಕೊಳ್ಳುವ ಒಂದು ಟಿವಿಎಸ್ ಡಯೋಡು, ಗದ್ದಲ ಸೋಸಲು ಒಂದು ಸುರುಳಿ. ಎಲ್ಲ ಸೇರಿ ಒಂದು ಮಸಾಲೆ ದೋಸೆಯ ದುಡ್ಡಾಗಲಿಕ್ಕಿಲ್ಲ. ಆದರೆ ಡಯೋಡು ಹೊಳೆಯುವುದಿಲ್ಲ. ಒಳಗೆ ಅದು ಇದೆಯೋ ಇಲ್ಲವೋ ಗಿರಾಕಿಗೆ ಕಾಣುವುದಿಲ್ಲ, ಕಾಣದ್ದಕ್ಕೆ ಗಿರಾಕಿ ಕಾಸು ಬಿಚ್ಚುವುದಿಲ್ಲ, ಕಾಸು ಬಿಚ್ಚದ್ದನ್ನು ತಯಾರಕ ಹಾಕುವುದಿಲ್ಲ. ಇಷ್ಟು ಅಚ್ಚುಕಟ್ಟಾದ ಒಮ್ಮತ ವಿಧಾನಸಭೆಯಲ್ಲಿ ಶಾಸಕರ ಸಂಬಳ ಏರಿಸುವ ದಿನ ಬಿಟ್ಟರೆ ಬೇರೆಲ್ಲೂ ಕಾಣಸಿಗದು.

ಇನ್ನು ಗ್ಯಾರೇಜಿಗೆ ಬರೋಣ. ಅಲ್ಲಿ ಒಬ್ಬ ಹಿರಿಯ ಮೇಸ್ತ್ರಿ ಇರುತ್ತಾರೆ. ಅಂಬಾಸಡರು, ಪದ್ಮಿನಿಗಳ ಕಾಲದಿಂದ ಕೈ ಕರಿ ಮಾಡಿಕೊಂಡವರು, ಗೌರವಕ್ಕೆ ಅರ್ಹರು. ಆಲ್ಟರ್ನೇಟರಿಗೆ ಇವತ್ತಿಗೂ ‘ಡೈನಮೋ’ ಎನ್ನುತ್ತಾರೆ. ಬ್ಯಾಟರಿ ಚಾರ್ಜ್ ಆಗುತ್ತಿಲ್ಲ ಎಂದು ನೀವು ಹೋದರೆ ಅವರ ಪರೀಕ್ಷೆ ಒಂದೇ. ಎಂಜಿನ್ ಓಡುತ್ತಿರಲಿ ಎನ್ನುತ್ತಾರೆ. ಹತ್ತರ ಪಾನಾ ತೆಗೆದು ಬ್ಯಾಟರಿಯ ಟರ್ಮಿನಲ್ ಸಡಿಲಿಸಿ, ಬರಿಗೈಲಿ ಕಿತ್ತು, ಎತ್ತಿ ಹಿಡಿದು ನಿಲ್ಲುತ್ತಾರೆ. ಎಂಜಿನ್ ಓಡುತ್ತಲೇ ಇದ್ದರೆ, ‘ನೋಡಿ ಸಾರ್, ಡೈನಮೋ ಫಸ್ಟ್ ಕ್ಲಾಸ್ ಐತೆ.’ ಸುತ್ತ ನಿಂತವರು ತಲೆದೂಗುತ್ತಾರೆ. ಡೈನಮೋ ಕಾಲದ ಗಾಡಿಯಲ್ಲಿ ಈ ಪರೀಕ್ಷೆ ಹೇಗೋ ನಡೆದುಹೋಗುತ್ತಿತ್ತು. ಅದರಲ್ಲಿ ಕೆಡಲಿಕ್ಕೆ ಇದ್ದದ್ದಾದರೂ ಏನು? ನಾಲ್ಕು ಬಲ್ಬು, ಒಂದು ಹಾರ್ನು, ಒಂದು ಕಾಯಿಲ್ಲು.

ಈಗಿನ ಗಾಡಿಯಲ್ಲಿ ಅದೇ ಕ್ಷಣ ಒಳಗೆ ಏನಾಗುತ್ತದೆ ಎಂದರೆ, ಆಲ್ಟರ್ನೇಟರು ಬ್ಯಾಟರಿಗೆಂದು ಹತ್ತಾರು ಆಂಪಿಯರ್ ತಳ್ಳುತ್ತಿರುತ್ತದೆ. ಅಷ್ಟನ್ನೂ ತಣ್ಣಗೆ ಹೀರುತ್ತಿದ್ದ ಬ್ಯಾಟರಿ ದಿಢೀರನೆ ಮಾಯ. ನಿಲ್ಲಿಸಪ್ಪಾ ಎಂದು ರೆಗ್ಯುಲೇಟರು ಕೂಗಿಕೊಂಡರೂ, ತಿರುಗುತ್ತಿರುವ ರೋಟರಿನೊಳಗಿನ ಅಯಸ್ಕಾಂತ ಶಕ್ತಿ ಒಂದೇ ಏಟಿಗೆ ಇಳಿಯುವುದಿಲ್ಲ, ಅದಕ್ಕೆ ಸೆಕೆಂಡಿನ ಒಂದಿಷ್ಟು ಪಾಲು ಬೇಕು. ಅಷ್ಟು ಹೊತ್ತು ತಳ್ಳಿದ ಕರೆಂಟಿಗೆ ಹೋಗಲು ಜಾಗವಿಲ್ಲ. ವೋಲ್ಟೇಜು ನೆಗೆಯುತ್ತದೆ. ಎಂಜಿನಿಯರುಗಳು ಇದಕ್ಕೆ ‘ಲೋಡ್ ಡಂಪ್’ ಎನ್ನುತ್ತಾರೆ. ಐಎಸ್‌ಒ 16750 ಮಾನಕದ ಪ್ರಕಾರ, ತಡೆ ಇಲ್ಲದ 12 ವೋಲ್ಟಿನ ಗಾಡಿಯಲ್ಲಿ ಬಿಡಿಭಾಗಗಳು 79ರಿಂದ 101 ವೋಲ್ಟಿನವರೆಗಿನ ಏಟನ್ನು, ಅದೂ 400 ಮಿಲಿಸೆಕೆಂಡುಗಳ ತನಕ, ತಾಳಿಕೊಂಡು ತೋರಿಸಬೇಕು. ಎಷ್ಟೋ ಹೊಸ ಆಲ್ಟರ್ನೇಟರುಗಳ ಹೊಟ್ಟೆಯಲ್ಲೇ ಇದನ್ನು 35 ವೋಲ್ಟಿನ ಸುಮಾರಿಗೆ ಕಟ್ಟಿಹಾಕುವ ಡಯೋಡುಗಳಿವೆ. ಕಾರಿನ ಜೊತೆ ಬಂದ ಕಂಪ್ಯೂಟರು, ರೇಡಿಯೋ ಎಲ್ಲ ಈ ಪರೀಕ್ಷೆ ಪಾಸಾಗಿ ಬಂದವು. ಸಿಗ್ನಲ್ಲಿನ ಚಾರ್ಜರಿನ 25 ವೋಲ್ಟಿನ ಕೆಪಾಸಿಟರು ಈ ಪರೀಕ್ಷೆಯ ಹಾಲ್ ಟಿಕೆಟ್ಟನ್ನೇ ನೋಡಿಲ್ಲ.

ಅಂದಹಾಗೆ ಡೈನಮೋ ಫಸ್ಟ್ ಕ್ಲಾಸ್ ಇದೆಯೇ ಎಂದು ತಿಳಿಯಲು ಕೆಲವೇ ನೂರು ರೂಪಾಯಿಯ ಮಲ್ಟಿಮೀಟರು ಸಾಕು. ಎಂಜಿನ್ ಓಡುವಾಗ ಬ್ಯಾಟರಿಯ ಎರಡು ತಲೆಗೆ ಮುಟ್ಟಿಸಿದರೆ 14ರ ಆಸುಪಾಸು ತೋರಿಸಬೇಕು, ಮುಗಿಯಿತು. ಆದರೆ ಮೀಟರಿನಲ್ಲಿ ಗಮ್ಮತ್ತಿಲ್ಲ. ಕಿಡಿ ಹಾರದ ಪರೀಕ್ಷೆಗೆ ನಮ್ಮ ಜನ ದುಡ್ಡು ಕೊಡುವುದಿಲ್ಲ ಎಂಬುದು ಮೇಸ್ತ್ರಿಗೆ ನನಗಿಂತ ಚೆನ್ನಾಗಿ ಗೊತ್ತು.

ಮೇಸ್ತ್ರಿಯೇ ಬೇಕೆಂದಿಲ್ಲ, ಅದೇ ಕೆಲಸವನ್ನು ನಗರದ ರಸ್ತೆಗಳು ಪುಕ್ಕಟೆ ಮಾಡಿಕೊಡುತ್ತವೆ. ಟರ್ಮಿನಲ್ಲಿನ ಮೇಲೆ ಬಿಳಿ-ಹಸಿರು ಹಿಟ್ಟು ಬೆಳೆದಿರುತ್ತದೆ, ಕ್ಲ್ಯಾಂಪು ಸಡಿಲವಾಗಿರುತ್ತದೆ. ಆಯುಧಪೂಜೆಯ ದಿನ ಅದರ ಮೇಲೇ ಕುಂಕುಮ ಇಟ್ಟಿರುತ್ತೇವೆ, ಬಿಗಿ ಮಾಡಿರುವುದಿಲ್ಲ. ಗುಂಡಿಯೊಳಗೆ ಚಕ್ರ ಇಳಿದಾಗ ಕ್ಲ್ಯಾಂಪು ಒಮ್ಮೆ ಬಿಟ್ಟು ಒಮ್ಮೆ ಹಿಡಿಯುತ್ತದೆ. ಜರ್ಮನಿಯ ಪ್ರಯೋಗಾಲಯದಲ್ಲಿ ಕೋಟಿ ಬೆಲೆಯ ಯಂತ್ರ ಇಟ್ಟು ಮಾಡುವ ಪರೀಕ್ಷೆಯನ್ನು ನಮ್ಮ ಪಾಲಿಕೆಗಳು ವಾರ್ಡುವಾರು ಜಾರಿಗೆ ತಂದಿವೆ.

ಹೊರವರ್ತುಲ ರಸ್ತೆಯಲ್ಲಿ ಸಂಜೆ ಆರಕ್ಕೆ ನಿಂತ ಕಾರುಗಳ ಹಿಂದಿನ ಸೀಟು ನೋಡಿ. ಅದು ಈಗ ಆಫೀಸು. ಮಡಿಲಲ್ಲಿ ಲ್ಯಾಪ್‌ಟಾಪು, ಕಾಲ ಬಳಿ ಗುಂಯ್‌ಗುಡುವ ಇನ್ವರ್ಟರು. ಬ್ಯಾಟರಿಯ ಏಕಮುಖ ಕರೆಂಟನ್ನು ಇನ್ವರ್ಟರು 230 ವೋಲ್ಟಿನ ಪರ್ಯಾಯ ಕರೆಂಟು ಮಾಡುತ್ತದೆ. ಲ್ಯಾಪ್‌ಟಾಪಿನ ಅಡಾಪ್ಟರು ಅದನ್ನು ಹಿಡಿದು ಮತ್ತೆ ಏಕಮುಖ ಮಾಡಿ 19ಕ್ಕೆ ಇಳಿಸುತ್ತದೆ. 14ರಿಂದ 19ಕ್ಕೆ ಹೋಗಲು 230ರ ಬೆಟ್ಟ ಹತ್ತಿ ಇಳಿಯುವ ತೀರ್ಥಯಾತ್ರೆ. ಒಂದೊಂದು ಕಟ್ಟೆಯಲ್ಲೂ ನೂರಕ್ಕೆ ಹತ್ತು-ಹದಿನೈದು ಪಾಲು ಬಿಸಿಯಾಗಿ ಸೋರಿಹೋಗುತ್ತದೆ, ಸರ್ಕಾರಿ ಅನುದಾನ ತಾಲ್ಲೂಕು ಮುಟ್ಟುವ ಕ್ರಮದಲ್ಲೇ. ಸೀದಾ 12ರಿಂದ 19 ಕೊಡುವ ಕಾರ್ ಅಡಾಪ್ಟರೂ ಉಂಟು, ಟೈಪ್-ಸಿಯಲ್ಲಿ 65 ವ್ಯಾಟ್ ಕೊಡುವ ಒಳ್ಳೆಯ ಚಾರ್ಜರೂ ಉಂಟು. ಆದರೆ ಅವುಗಳಲ್ಲಿ ಮನೆಯ ಗೋಡೆಯಲ್ಲಿರುವಂಥ ಮೂರು ತೂತಿನ ಸಾಕೆಟ್ ಇರುವುದಿಲ್ಲವಲ್ಲ! ಆ ಮೂರು ತೂತು ಕಂಡರೆ ನಮಗೆ ತವರುಮನೆ ಕಂಡ ಹಾಗೆ. ಲ್ಯಾಪ್‌ಟಾಪು ಒಂದೇ ಇದ್ದದ್ದು, ಮರುವಾರ ಮಗುವಿನ ಹಾಲು ಬಿಸಿ ಮಾಡುವ ಕೆಟಲ್ಲೂ ಅಲ್ಲಿಗೇ ಬರುತ್ತದೆ.

ಆಗ ಫ್ಯೂಸು ಹೋಗುತ್ತದೆ. ತೂತಿನ ಫ್ಯೂಸು 10 ಇಲ್ಲವೇ 15 ಆಂಪಿಯರಿನದು. 150 ವ್ಯಾಟ್ ಇನ್ವರ್ಟರು ಪೂರ್ತಿ ದುಡಿದರೆ ಅದೊಂದೇ 14 ಆಂಪಿಯರ್ ತಿನ್ನುತ್ತದೆ. ಎರಡನೇ ಸಲ ಫ್ಯೂಸು ಹೋದಾಗ ರಸ್ತೆ ಬದಿಯ ಎಲೆಕ್ಟ್ರಿಷಿಯನ್ ಅನುಕಂಪದಿಂದ ನೋಡಿ, ಅಲ್ಲಿ 30 ಆಂಪಿಯರಿನದನ್ನು ಚುಚ್ಚುತ್ತಾನೆ. ಅದೂ ಕೈಗೆ ಸಿಗದಿದ್ದರೆ ತಾಮ್ರದ ತಂತಿಯ ಒಂದು ಎಳೆ, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ. ಸಿಗರೇಟಿನ ತೂತಿಗೆ ಸಿಗರೇಟಿನ ಕಾಗದ, ಔಚಿತ್ಯಕ್ಕೆ ಕೊರತೆ ಇಲ್ಲ. ‘ಇನ್ಮೇಲೆ ಹೋಗಲ್ಲ ಬಿಡಿ ಸಾರ್’ ಎಂದು ಭರವಸೆಯನ್ನೂ ಕೊಡುತ್ತಾನೆ. ಅವನು ಆಡಿದ ಮಾತಿಗೆ ತಪ್ಪುವವನಲ್ಲ. ಮುಂದೆ ಫ್ಯೂಸು ಹೋಗುವುದಿಲ್ಲ, ವೈರು ಹೋಗುತ್ತದೆ, ವೈರಿನ ಹಿಂದೆ ಡ್ಯಾಶ್‌ಬೋರ್ಡು ಹೋಗುತ್ತದೆ.

ಸಂಗೀತಪ್ರಿಯರ ಪಾಡು ಬೇರೆ. ಫೋನನ್ನು ಚಾರ್ಜಿಗೂ ಹಾಕಿ, ಆಕ್ಸ್ ವೈರಿನಲ್ಲಿ ಸ್ಟೀರಿಯೋಗೂ ಸಿಕ್ಕಿಸಿ ಭೀಮಸೇನ ಜೋಶಿಯವರನ್ನು ಕೇಳಲು ಕೂತರೆ ಹಿಂದಿನಿಂದ ಕುಂಯ್ ಎಂಬ ಮೂರನೇ ತಂಬೂರಿ. ಕಾರಿನ ಮೈಯೇ ಎಲ್ಲ ಸಾಮಾನಿಗೂ ಅರ್ತು. ಚಾರ್ಜರು ಒಂದು ಜಾಗದಲ್ಲಿ ಮೈ ಮುಟ್ಟಿರುತ್ತದೆ, ಸ್ಟೀರಿಯೋ ಇನ್ನೊಂದು ಜಾಗದಲ್ಲಿ. ಎರಡರ ನಡುವೆ ಆಲ್ಟರ್ನೇಟರಿನ ಅಲೆ ಹರಿದಾಡಿ ಸ್ಪೀಕರಿನಲ್ಲಿ ಹಾಡುತ್ತದೆ. ಆಕ್ಸಿಲರೇಟರು ಒತ್ತಿದರೆ ಅದರ ಶ್ರುತಿ ಏರುತ್ತದೆ, ಪೀಣ್ಯದ ಮೇಲ್ಸೇತುವೆ ಹತ್ತುವಾಗ ಷಡ್ಜ ತಾರಸ್ಥಾಯಿ ಮುಟ್ಟುತ್ತದೆ. ರೇಡಿಯೋ ಹಚ್ಚೋಣ ಎಂದರೆ ಅಗ್ಗದ ಚಾರ್ಜರಿನ ಕತ್ತರಿ ಕೆಲಸದ ಗದ್ದಲ ಎಫ್‌ಎಂ ಪಟ್ಟಿಯ ತನಕ ಹಬ್ಬಿ, 101.3ರ ಆಕಾಶವಾಣಿ ರೇನ್‌ಬೋ ಬರೀ ಮಳೆಯಾಗಿ ಸುರಿಯುತ್ತದೆ. ಚಾರ್ಜರು ಕಿತ್ತರೆ ನಿಲಯ ವಾಪಸ್. ಫಿಲ್ಟರಿಗೆ ಎರಡು ಕಾಸು ಉಳಿಸಿದವನ ಉಪಕಾರ ಇದು.

ಇಷ್ಟೆಲ್ಲದರ ನಡುವೆ ಪೂರ್ತಿ ನಿರಪಾಯಕಾರಿಯಾದ ಒಂದು ಸಾಧನವೂ ಮಾರುಕಟ್ಟೆಯಲ್ಲಿದೆ. ತೂತಿಗೆ ಚುಚ್ಚಿದರೆ ಕರೆಂಟು ಶುದ್ಧವಾಗುತ್ತದೆ, ಪೆಟ್ರೋಲ್ ಉಳಿಯುತ್ತದೆ, ಎಂಜಿನ್ ಮೃದುವಾಗುತ್ತದೆ ಎಂದು ಮಾರುವ ‘ಫ್ಯೂಯಲ್ ಸೇವರ್’. ಬಿಚ್ಚಿ ನೋಡಿದವರಿಗೆ ಒಳಗೆ ಸಿಕ್ಕಿದ್ದು ಒಂದು ದೀಪ, ಒಂದು ರೆಸಿಸ್ಟರು, ಎಲ್ಲೋ ಒಂದು ಪುಟ್ಟ ಕೆಪಾಸಿಟರು. ಏನೂ ಮಾಡುವುದಿಲ್ಲವಾದ್ದರಿಂದ ಏನನ್ನೂ ಕೆಡಿಸುವುದೂ ಇಲ್ಲ. ಫೋನನ್ನು ಕಾಯುವ ಡಯೋಡಿಗೆ ಇಪ್ಪತ್ತು ರೂಪಾಯಿ ಕೊಡದವನು ಇದಕ್ಕೆ ಐನೂರು ಕೊಟ್ಟು, ‘ಪಿಕಪ್ ಜಾಸ್ತಿ ಆಗಿದೆ ಗುರು’ ಎಂದು ಎದೆಯುಬ್ಬಿಸಿ ಹೇಳುತ್ತಾನೆ.

ಹಾಗೆಂದು ಗಾಡಿಯ ಬ್ಯಾಟರಿ ಕೆಟ್ಟದ್ದಲ್ಲ. 1987-88ರಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣದ ಹೊತ್ತಿಗೆ ಸರಿಯಾಗಿ ಕರೆಂಟು ತೆಗೆದಾಗ, ಎಷ್ಟೋ ಹಳ್ಳಿಗಳು ಟ್ರಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಕಪ್ಪು-ಬಿಳುಪು ಟಿವಿಯ ಬೆನ್ನಿನ 12 ವೋಲ್ಟಿನ ತೂತಿಗೆ ಕೊಟ್ಟು ಲಂಕಾದಹನ ನೋಡಿದವು. ಟಿವಿಗೆ ಏನೂ ಆಗಲಿಲ್ಲ. ಟ್ರಾಕ್ಟರಿನಿಂದ ಬೇರೆಯಾದ ಬ್ಯಾಟರಿಯಷ್ಟು ನಿರ್ಮಲವಾದ ಕರೆಂಟು ಇನ್ನೊಂದಿಲ್ಲ. ಅದರಲ್ಲಿ ಅಲೆ ಇಲ್ಲ, ನೆಗೆತ ಇಲ್ಲ, ಸೆಲ್ಫಿನ ಕುಸಿತ ಇಲ್ಲ. ಉಪದ್ರವ ಶುರುವಾಗುವುದೇ ಎಂಜಿನ್ನು ಸಂಸಾರಕ್ಕೆ ಕಾಲಿಟ್ಟ ಮೇಲೆ. ಅದಕ್ಕೇ ಇರಬೇಕು, ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವ ಮತಯಂತ್ರ ಗೋಡೆಯ ಕರೆಂಟನ್ನೂ ನಂಬುವುದಿಲ್ಲ, ಮತಗಟ್ಟೆಗೆ ಹೊತ್ತು ತಂದ ಜೀಪನ್ನೂ ನಂಬುವುದಿಲ್ಲ. ತನ್ನ ಬುತ್ತಿ ತಾನೇ ಕಟ್ಟಿಕೊಂಡು ಬರುತ್ತದೆ. ಅದನ್ನು ಪ್ರತಿ ಚುನಾವಣೆಯಲ್ಲೂ ಅನುಮಾನಿಸುವ ನಾವು ಸಿಗ್ನಲ್ಲಿನ ಚಾರ್ಜರಿನ ನಿಷ್ಠೆಯನ್ನು ಒಂದು ದಿನವೂ ಪ್ರಶ್ನಿಸಿಲ್ಲ.

ಮಾಡಬೇಕಾದ್ದು ಕಾರಿನ ಕೈಪಿಡಿಯಲ್ಲಿ ಎಲ್ಲೋ ಒಂದು ಕಡೆ ಸಣ್ಣಕ್ಷರದಲ್ಲಿ ಇದ್ದೇ ಇರುತ್ತದೆ. ಎಂಜಿನ್ ಸ್ಟಾರ್ಟ್ ಆದ ಮೇಲೆ ಚುಚ್ಚಿ, ಆಫ್ ಮಾಡುವ ಮುಂಚೆ ಕೀಳಿ, 120 ವ್ಯಾಟ್ ಮೀರಬೇಡಿ. ಆ ಕೈಪಿಡಿ ಪಾಲಿಥಿನ್ ಕವರಿನಲ್ಲಿ, ಇನ್ಶೂರೆನ್ಸ್ ಪೇಪರಿನ ಕೆಳಗೆ, ಒಣಗಿದ ನಿಂಬೆಹಣ್ಣಿನ ಪಕ್ಕದಲ್ಲಿ ಪವಿತ್ರವಾಗಿದೆ. ನಾವು ಮಾಡುವುದು ಸರೀ ಉಲ್ಟಾ. ಮೊದಲು ಫೋನು ಚುಚ್ಚಿ, ಡ್ಯಾಶ್‌ಕ್ಯಾಮ್ ಆನ್ ಆದದ್ದನ್ನು ಖಾತ್ರಿ ಮಾಡಿಕೊಂಡು, ಆಮೇಲೆ ಸೆಲ್ಫ್ ಹೊಡೆಯುತ್ತೇವೆ. ಕ್ಯಾಮೆರಾ ಸತ್ತು ಮತ್ತೆ ಹುಟ್ಟುತ್ತದೆ. ಹೀಗೆ ದಿನಾ ಸತ್ತು ಹುಟ್ಟಿದ ಮೆಮೊರಿ ಕಾರ್ಡು, ಅಪಘಾತವಾದ ದಿನವೊಂದನ್ನು ಬಿಟ್ಟು ಮಿಕ್ಕೆಲ್ಲ ದಿನದ ದೃಶ್ಯವನ್ನೂ ಜೋಪಾನ ಮಾಡಿಟ್ಟಿರುತ್ತದೆ.

ಈ ತಲೆನೋವೇ ಬೇಡ ಎಂದು ವಿದ್ಯುತ್ ಕಾರು ಕೊಂಡವರೂ ಇದ್ದಾರೆ. ಆಲ್ಟರ್ನೇಟರೇ ಇಲ್ಲ, ಸೆಲ್ಫ್ ಇಲ್ಲ, ನೆಲದ ತುಂಬ ಮುನ್ನೂರು ನಾನೂರು ವೋಲ್ಟಿನ ಬ್ಯಾಟರಿ. ಆದರೆ ಬಾಗಿಲ ಬೀಗ, ಪರದೆ, ಕಂಪ್ಯೂಟರು, ಆ ದೊಡ್ಡ ಬ್ಯಾಟರಿಯನ್ನು ಗಾಡಿಗೆ ಜೋಡಿಸುವ ಸ್ವಿಚ್ಚು, ಇವಿಷ್ಟಕ್ಕೂ ಮುಂದೆಲ್ಲೋ ಒಂದು ಮೂಲೆಯಲ್ಲಿ ಅದೇ ಹಳೇ 12 ವೋಲ್ಟಿನ ಬ್ಯಾಟರಿ. ರಾತ್ರಿಯೆಲ್ಲ ಪಾರ್ಕಿಂಗ್ ಕಾಯಲೆಂದು ಹೊರಗೆ ಕೂರಿಸಿದ ಕ್ಯಾಮೆರಾ ಅದನ್ನು ಹೀರಿಬಿಟ್ಟರೆ, ಬೆಳಿಗ್ಗೆ 20 ಲಕ್ಷದ ಗಾಡಿ ಚಾರ್ಜು ತುಂಬಿದ ಹೊಟ್ಟೆ ಹೊತ್ತುಕೊಂಡೇ ಹೆಣದ ಹಾಗೆ ಬಿದ್ದಿರುತ್ತದೆ. ಸರ್ವೀಸ್ ಸೆಂಟರಿಗೆ ಫೋನಾಯಿಸಿದರೆ, ‘ಔಟ್‌ಸೈಡ್ ಫಿಟ್ಟಿಂಗ್ ಏನಾದ್ರೂ ಮಾಡಿಸಿದೀರಾ ಸಾರ್? ಹಾಗಿದ್ರೆ ವಾರಂಟಿ ಬರಲ್ಲ’ ಎಂಬ ಸವಿನುಡಿ.

ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಇಂಥ ಬೆಳಿಗ್ಗೆಗಳು ಈಗ ಹೊಸತಲ್ಲ. ಪಕ್ಕದ ಫ್ಲ್ಯಾಟಿನ ನಿವೃತ್ತ ರಾಯರು ತಮ್ಮ ಹಳೇ ಮಾರುತಿ 800ನ್ನು ಹಿಂದಕ್ಕೆ ತಂದು, ಮೂತಿಗೆ ಮೂತಿ ನಿಲ್ಲಿಸಿ, ಡಿಕ್ಕಿಯಿಂದ ಜಂಪರ್ ಕೇಬಲ್ ತೆಗೆಯುತ್ತಾರೆ. ಎರಡೂ ಕೇಬಲ್ಲಿನ ಬಣ್ಣ ಧೂಳಿನಲ್ಲಿ ಒಂದೇ ಆಗಿದೆ. ವಿದ್ಯುತ್ ಕಾರಿನ ಒಡೆಯ, ವೃತ್ತಿಯಲ್ಲಿ ಸಾಫ್ಟ್‌ವೇರ್ ಆರ್ಕಿಟೆಕ್ಟು, ಪ್ಲಸ್ ಯಾವುದು ಅಂಕಲ್ ಎಂದು ಕೇಳುತ್ತಾನೆ. ರಾಯರು ಕನ್ನಡಕ ಮೇಲೇರಿಸಿ ಬಗ್ಗಿ ನೋಡುತ್ತಾರೆ. ಅಷ್ಟರಲ್ಲಿ ನೀರಿನ ಪೈಪು ಹಿಡಿದು ನಿಂತಿದ್ದ ವಾಚ್‌ಮನ್ ಎಲ್ಲರಿಗಿಂತ ಮುಂಚೆ ಪರಿಹಾರ ಕೊಡುತ್ತಾನೆ:

‘ಸುಮ್ನೆ ಒಂದು ಸಲ ಮುಟ್ಟಿಸಿ ನೋಡಿ ಸಾರ್. ದೊಡ್ಡ ಕಿಡಿ ಬಂದ್ರೆ ಉಲ್ಟಾ ಅಂತ ಅರ್ಥ.’